ಮಳೆಗಾಲದ ಶ್ರೀಲಂಕಾಕ್ಕೆ ಒಬ್ಬರೇ ಹೊರಡುವವರಿಗೆ

ಆಷಾಢದಲ್ಲಿ ಮಂಡ್ಯದ ರೈತರು ತಮ್ಮ ತಲೆಯ ಮೇಲಿನ ಆಕಾಶವನ್ನಷ್ಟೇ ನೋಡಿ ನಾಟಿಯ ಲೆಕ್ಕ ಹಾಕುವುದಿಲ್ಲ. ಭಾಗಮಂಡಲದಲ್ಲಿ ಮಳೆ ಹೇಗಿದೆ, ಕನ್ನಂಬಾಡಿಗೆ ಒಳಹರಿವು ಎಷ್ಟಿದೆ ಎಂದು ಮೊದಲು ವಿಚಾರಿಸುತ್ತಾರೆ. ಮಡಿಕೇರಿಯಲ್ಲಿ ಜಡಿಮಳೆ ಹಿಡಿದ ದಿನವೇ ಮೈಸೂರಿನಲ್ಲಿ ತುಂತುರು ಬಿದ್ದು ನಿಲ್ಲುವುದನ್ನೂ, ಮದ್ದೂರಿನಲ್ಲಿ ಬಿಸಿಲು ಕಾಯುವುದನ್ನೂ ನಾವೆಲ್ಲ ಕಂಡಿದ್ದೇವೆ. ಬೆಟ್ಟದ ಆಚೆ ಸುರಿದು ಈಚೆ ಒಣಗುವ ಈ ಮಳೆಯ ನಡೆ ಗೊತ್ತಿದ್ದವರಿಗೆ ಶ್ರೀಲಂಕಾದ ಮಳೆಗಾಲ ಅರ್ಥವಾಗುವುದು ಕಷ್ಟವಲ್ಲ. ಜುಲೈ ತಿಂಗಳಿನಲ್ಲಿ ನಾನು ಒಬ್ಬನೇ ಹದಿನಾರು ದಿನ ಆ ದ್ವೀಪದಲ್ಲಿ ಓಡಾಡಿದಾಗ ನನ್ನನ್ನು ಕಾಪಾಡಿದ್ದು ದುಬಾರಿ ರೇನ್‌ಕೋಟು ಅಲ್ಲ, ಈ ತಿಳಿವಳಿಕೆ. ಆದ್ದರಿಂದ ಚೀಲ ಕಟ್ಟುವ ಮುನ್ನ ಭೂಪಟವನ್ನು ಮುಂದಿಟ್ಟುಕೊಂಡು ಕುಳಿತುಕೊಳ್ಳಿ.

ಮಳೆ ಯಾವ ಮಗ್ಗುಲಲ್ಲಿದೆ?

ಶ್ರೀಲಂಕಾದ ನಡುವೆ ಎತ್ತರದ ಬೆಟ್ಟಗಳ ಸಾಲೊಂದಿದೆ. ಅದರ ಅತಿ ಎತ್ತರದ ಶಿಖರವಾದ ಪಿದುರುತಲಾಗಲ 2,524 ಮೀಟರ್ ಇದೆ. ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮಾರುತ ಈ ಬೆಟ್ಟಗಳ ಪಶ್ಚಿಮದ ಇಳಿಜಾರಿಗೆ ಬಡಿದು ಕೊಲಂಬೊ, ಗಾಲೆ, ರತ್ನಪುರ, ಹ್ಯಾಟನ್ ಕಡೆ ಮಳೆ ಸುರಿಸುತ್ತದೆ. ಅದೇ ಹೊತ್ತಿಗೆ ಪೂರ್ವದ ಟ್ರಿಂಕೋಮಲಿ, ಬಟ್ಟಿಕಲೋವಾ, ಅರುಗಂ ಬೇ ಕಡೆ ಒಣಹವೆ ಇರುತ್ತದೆ. ಡಿಸೆಂಬರಿನಿಂದ ಫೆಬ್ರುವರಿವರೆಗೆ ಈಶಾನ್ಯ ಮಾರುತ ಬೀಸುವಾಗ ಲೆಕ್ಕ ತಿರುಗುಮುರುಗಾಗಿ ಪೂರ್ವ ಮತ್ತು ಉತ್ತರ ತೀರಗಳು ನೆನೆಯುತ್ತವೆ, ದಕ್ಷಿಣ ಮತ್ತು ಪಶ್ಚಿಮದ ತೀರಗಳಲ್ಲಿ ಪ್ರವಾಸಿಗರ ಸುಗ್ಗಿ ನಡೆಯುತ್ತದೆ. ನಮ್ಮ ಮುಂಗಾರು ಹಿಂಗಾರುಗಳಂತೆ ಅಲ್ಲಿನ ರೈತರಿಗೂ ಯಲ, ಮಹ ಎಂಬ ಎರಡು ಬೇಸಾಯದ ಕಾಲಗಳಿವೆ. ಪಶ್ಚಿಮದ ಇಳಿಜಾರಿನ ಕೆಲವೆಡೆ ವರ್ಷಕ್ಕೆ 5,000 ಮಿ.ಮೀ.ಗಿಂತ ಹೆಚ್ಚು ಮಳೆಯಾಗುತ್ತದೆ. ಆಗ್ನೇಯ ಮತ್ತು ವಾಯವ್ಯದ ಒಣ ಪಟ್ಟಿಯಲ್ಲಿ ಬೀಳುವ ಮಳೆ ಹೆಚ್ಚುಕಡಿಮೆ ನಮ್ಮ ಮೈಸೂರು ಜಿಲ್ಲೆಯಷ್ಟೇ.

ಹೀಗಾಗಿ ಇಡೀ ದೇಶಕ್ಕೆ ಅನ್ವಯಿಸುವ ‘ಆಫ್ ಸೀಸನ್’ ಎಂಬುದು ಅಲ್ಲಿಲ್ಲ. ಯಾವ ತಿಂಗಳಲ್ಲಿ ಹೋದರೂ ಒಂದು ಮಗ್ಗುಲಿಗೆ ಸುಗ್ಗಿ, ಇನ್ನೊಂದು ಮಗ್ಗುಲಿಗೆ ಬಿಡುವು. ಮಾರ್ಚ್–ಏಪ್ರಿಲ್ ಮತ್ತು ಅಕ್ಟೋಬರ್–ನವೆಂಬರ್ ಮಾತ್ರ ಬೇರೆ ಬಗೆಯವು. ಆಗ ಮಧ್ಯಾಹ್ನದ ನಂತರ ಗುಡುಗು ಸಿಡಿಲಿನ ಮಳೆ ಎಲ್ಲಿ ಬೇಕಾದರೂ ಬರಬಹುದು. ದಸರೆಯ ರಜೆಯಲ್ಲಿ ಹೊರಡುವ ಮೈಸೂರಿನವರು ಈ ಅವಧಿಗೆ ಸಿಲುಕುವುದರಿಂದ ಬೆಟ್ಟ ಹತ್ತುವುದನ್ನೂ ಕಾಡಿನ ನಡಿಗೆಯನ್ನೂ ಬೆಳಿಗ್ಗೆಯೇ ಮುಗಿಸಿ, ಒಂದು ಗಂಟೆಯೊಳಗೆ ಸೂರಿನಡಿ ಸೇರುವಂತೆ ದಿನವನ್ನು ಹೊಂದಿಸಿಕೊಳ್ಳಬೇಕು. ನವೆಂಬರ್–ಡಿಸೆಂಬರ್ ಬಂಗಾಳ ಕೊಲ್ಲಿಯ ಚಂಡಮಾರುತಗಳ ಕಾಲವೂ ಹೌದು. 2025ರ ನವೆಂಬರ್ ಕೊನೆಯಲ್ಲಿ ದಿತ್ವಾ ಚಂಡಮಾರುತ ಶ್ರೀಲಂಕಾಕ್ಕೆ ಅಪ್ಪಳಿಸಿದಾಗ ಬೆಟ್ಟದ ಊರುಗಳಲ್ಲಿ ಭೂಕುಸಿತವಾಗಿ ನೂರಾರು ಜನ ಪ್ರಾಣ ಕಳೆದುಕೊಂಡರು, ರೈಲು ಹಳಿಗಳು ಕೊಚ್ಚಿಹೋದವು. ಮೊದಲ ಬಾರಿ ಒಬ್ಬರೇ ಹೋಗುವವರಿಗೆ ಆ ಎರಡು ತಿಂಗಳುಗಳನ್ನು ನಾನು ಸೂಚಿಸುವುದಿಲ್ಲ. ಜೂನ್ ಕೊನೆಯಿಂದ ಆಗಸ್ಟ್‌ವರೆಗಿನ ಕಾಲ ನನ್ನ ಆಯ್ಕೆ.

ಹೊರಡುವ ಮುನ್ನ

ಕಾಗದಪತ್ರಗಳ ಕೆಲಸ ದೊಡ್ಡದಲ್ಲ. ಪಾಸ್‌ಪೋರ್ಟಿನ ಅವಧಿ ಕನಿಷ್ಠ ಆರು ತಿಂಗಳು ಉಳಿದಿರಬೇಕು. ಅದಿಲ್ಲದವರು ಅರ್ಜಿ ಹಾಕಿ ಬೆಂಗಳೂರಿಗೆ ಓಡಬೇಕಾಗಿಲ್ಲ. ಅಂಚೆ ಇಲಾಖೆಯ ಜೊತೆಗೂಡಿ ನಡೆಸುವ ಪಾಸ್‌ಪೋರ್ಟ್ ಸೇವಾ ಕೇಂದ್ರ ದೇಶದಲ್ಲಿ ಮೊದಲು ತೆರೆದ ಊರುಗಳಲ್ಲಿ ಮೈಸೂರು ಒಂದು, 2017ರಲ್ಲಿ. ಶ್ರೀಲಂಕಾ ಸರ್ಕಾರದ ಜಾಲತಾಣದಲ್ಲಿ ‘ಇಟಿಎ’ ಎಂಬ ಪ್ರವೇಶಾನುಮತಿಯನ್ನು ಮೊದಲೇ ಪಡೆಯಬೇಕು. ಅದರ ಶುಲ್ಕದ ನಿಯಮ ಕೆಲವು ವರ್ಷಗಳಿಂದ ಪದೇ ಪದೇ ಬದಲಾಗಿರುವುದರಿಂದ ಟಿಕೆಟ್ ತೆಗೆಯುವ ವಾರದಲ್ಲಿ ಅಧಿಕೃತ ತಾಣವನ್ನೇ ನೋಡಿ, ಮಧ್ಯವರ್ತಿಗಳ ತಾಣಗಳಿಗೆ ಹಣ ಕಟ್ಟಬೇಡಿ. ಪ್ರವಾಸ ವಿಮೆಯನ್ನು ಬಿಡಬೇಡಿ. ಬೆಂಗಳೂರಿನಿಂದ ಕೊಲಂಬೊಗೆ ವಿಮಾನದಲ್ಲಿ ಸುಮಾರು ಒಂದೂವರೆ ಗಂಟೆ. ಮೈಸೂರಿನಿಂದ ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಸಾರಿಗೆ ಸಂಸ್ಥೆಯ ಫ್ಲೈಬಸ್ಸಿನಲ್ಲಿ ಹೋಗಲು ಅದರ ಎರಡು ಮೂರು ಪಟ್ಟು ಹೊತ್ತು ಬೇಕು.

ಸಮುದ್ರದ ದಾರಿಯೂ ಇದೆ. ತಮಿಳುನಾಡಿನ ನಾಗಪಟ್ಟಣಂನಿಂದ ಜಾಫ್ನಾ ಬಳಿಯ ಕಾಂಕೇಸಂತುರೈಗೆ 2023ರ ಅಕ್ಟೋಬರಿನಲ್ಲಿ ಪ್ರಯಾಣಿಕರ ಹಡಗು ಶುರುವಾಯಿತು. ನಡುವೆ ನಿಂತು 2024ರ ಆಗಸ್ಟಿನಲ್ಲಿ ಮತ್ತೆ ಹೊರಟಿತು. ಕಡಲು ಕೆರಳಿದಾಗ, ಅದರಲ್ಲೂ ಈಶಾನ್ಯ ಮಾರುತದ ತಿಂಗಳುಗಳಲ್ಲಿ, ಅದು ನಿಲ್ಲುತ್ತದೆ. ಮೈಸೂರು, ಮಂಡ್ಯಗಳ ಮೂಲಕ ತಂಜಾವೂರು, ಮಯಿಲಾಡುತುರೈ ಕಡೆಗೆ ಹೋಗುವ ರಾತ್ರಿ ರೈಲು ಹಿಡಿದು ಅಲ್ಲಿಂದ ಬಸ್ಸಿನಲ್ಲಿ ನಾಗಪಟ್ಟಣಂ ತಲುಪಬಹುದು. ಶ್ರೀರಂಗಪಟ್ಟಣದಲ್ಲಿ ದಾಟಿದ ಕಾವೇರಿ ಬೆಳಗಾಗುವ ಹೊತ್ತಿಗೆ ಕವಲೊಡೆದು ಗದ್ದೆಗಳ ನಡುವೆ ಹರಿಯುತ್ತಿರುವುದನ್ನು ಕಿಟಕಿಯಿಂದ ನೋಡುವ ಸಂತೋಷ ಬೇರೆಯೇ. ಆದರೆ ದಿನಗಳ ಲೆಕ್ಕ ಬಿಗಿಯಾಗಿರುವವರು ಹಡಗನ್ನು ನೆಚ್ಚಬಾರದು.

ಬೆನ್ನುಚೀಲ ನಲವತ್ತು ಲೀಟರಿಗಿಂತ ದೊಡ್ಡದಾಗಬಾರದು, ತುಂಬಿದ ಮೇಲೆ ಎಂಟು ಕಿಲೋ ದಾಟಬಾರದು. ಮಳೆಯಲ್ಲಿ ಚೀಲವನ್ನು ಪಕ್ಕಕ್ಕಿಟ್ಟು ವಿಶ್ರಮಿಸಲು ಒಣಜಾಗ ಸಿಗುವುದಿಲ್ಲ; ಹೊತ್ತೇ ನಿಲ್ಲಬೇಕಾಗುತ್ತದೆ. ಕಟ್ಟಿದ ಚೀಲವನ್ನು ಹೊತ್ತು ಮೊದಲೇ ಒಂದು ದಿನ ಚಾಮುಂಡಿ ಬೆಟ್ಟದ ಮೆಟ್ಟಿಲುಗಳನ್ನು ಹತ್ತಿ ಇಳಿಯಿರಿ. ಆಷಾಢ ಶುಕ್ರವಾರಗಳಂದು ಜನಸಂದಣಿ ಹೆಚ್ಚಿರುವುದರಿಂದ ಬೇರೆ ವಾರ ಆರಿಸಿಕೊಳ್ಳಿ. ನಂದಿಯ ಹತ್ತಿರ ಬರುವಷ್ಟರಲ್ಲಿ ಯಾವ ಯಾವ ವಸ್ತುಗಳನ್ನು ಮನೆಯಲ್ಲೇ ಬಿಡಬೇಕೆಂದು ಭುಜಗಳೇ ಹೇಳುತ್ತವೆ.

ಚೀಲದ ಮೇಲೆ ಹೊದಿಸುವ ಕವರನ್ನು ನಂಬಬೇಡಿ. ಬೆನ್ನಿನ ಕಡೆಯಿಂದ ಇಳಿಯುವ ನೀರು ಪಟ್ಟಿಗಳ ಬುಡದಲ್ಲಿ ಒಳಸೇರುತ್ತದೆ. ಚೀಲದ ಒಳಗೇ ದಪ್ಪ ಪ್ಲಾಸ್ಟಿಕ್ ಚೀಲವೊಂದನ್ನು ಇಟ್ಟು, ಬಟ್ಟೆಗಳನ್ನು ಅದರಲ್ಲಿ ತುಂಬಿ ಬಾಯಿ ತಿರುಚಿ ಕಟ್ಟಬೇಕು. ನಮ್ಮ ಕಡೆ ಗದ್ದೆಗೆ ಹೋಗುವವರು ಗೊಬ್ಬರದ ಚೀಲವನ್ನು ಮಡಿಸಿ ಕೊಪ್ಪೆ ಹಾಕಿಕೊಳ್ಳುವುದಿಲ್ಲವೇ, ಅಂಥ ಗಟ್ಟಿ ಪ್ಲಾಸ್ಟಿಕ್ಕೇ ಇಲ್ಲಿಯೂ ಆಗಬೇಕು. ಆದರೆ ಗೊಬ್ಬರ ತುಂಬಿದ್ದ ಚೀಲ ಬೇಡ, ಹೊಸದನ್ನು ಕೊಳ್ಳಿ. ಒಂದು ಜೊತೆ ಒಣಬಟ್ಟೆಯನ್ನು ಬೇರೆಯಾಗಿ ಕಟ್ಟಿಟ್ಟು, ಮಲಗುವುದಕ್ಕೆ ಮಾತ್ರ ಅದನ್ನು ಹೊರತೆಗೆಯುವ ನಿಯಮ ಹಾಕಿಕೊಳ್ಳಿ. ಎಷ್ಟೇ ಆಸೆಯಾದರೂ ಬೆಳಿಗ್ಗೆ ಎದ್ದು ಹಿಂದಿನ ದಿನದ ಒದ್ದೆ ಬಟ್ಟೆಯನ್ನೇ ಹಾಕಿಕೊಳ್ಳಬೇಕು. ಜೀನ್ಸ್ ಬೇಡ. ತೆಳುವಾದ ಹತ್ತಿಯ ಪಂಚೆಯೊಂದು ಹೊದಿಕೆಯಾಗಿ, ಟವೆಲಾಗಿ, ದೇವಾಲಯಗಳಲ್ಲಿ ಮೊಣಕಾಲು ಮುಚ್ಚುವ ಉಡುಪಾಗಿ ಒದಗುತ್ತದೆ. ಸೆಕೆಯ ಊರಿನಲ್ಲಿ ರೇನ್‌ಕೋಟಿನೊಳಗೆ ಬೆವರಿ ನೆನೆಯುವುದಕ್ಕಿಂತ ಗಟ್ಟಿ ಕಡ್ಡಿಗಳ ಕೊಡೆಯೇ ಮೇಲು. ಹಿಮ್ಮಡಿಗೆ ಪಟ್ಟಿಯಿರುವ ರಬ್ಬರ್ ಚಪ್ಪಲಿ, ತಲೆಗೆ ಕಟ್ಟುವ ಬ್ಯಾಟರಿ ದೀಪ, ಜಿಗಣೆಗಳಿಗಾಗಿ ಒಂದಿಷ್ಟು ಉಪ್ಪು ಇರಲಿ. ಅಲ್ಲಿನ ಹಲವು ಕಡೆ ಚಪ್ಪಟೆಯಾದ ಮೂರು ಕಡ್ಡಿಗಳ ಪ್ಲಗ್ ಬಳಸುವುದರಿಂದ ಅಡಾಪ್ಟರ್ ಬೇಕಾಗುತ್ತದೆ.

ಒಗೆದ ಬಟ್ಟೆಯನ್ನು ಒಣ ಟವೆಲಿನಲ್ಲಿ ಸುರುಳಿ ಸುತ್ತಿ, ಅದರ ಮೇಲೆ ಮೊಣಕಾಲೂರಿ ಹಿಂಡಿ, ಫ್ಯಾನಿನ ಕೆಳಗೆ ಹರಡಿದರೆ ಬೆಳಗಿನೊಳಗೆ ಉಡುವಂತಾಗುತ್ತದೆ.

ದಾರಿಯನ್ನು ಹೆಣೆಯುವುದು

ಜುಲೈ ತಿಂಗಳಿನ ಎರಡು ವಾರಕ್ಕೆ ನಾನು ಹಿಡಿದ ದಾರಿಯನ್ನೇ ಹೇಳುತ್ತೇನೆ. ವಿಮಾನ ನಿಲ್ದಾಣ ಕೊಲಂಬೊ ನಗರದಲ್ಲಿಲ್ಲ. ಮೂವತ್ತು ಕಿಲೋಮೀಟರಿನಷ್ಟು ಉತ್ತರಕ್ಕೆ, ನೆಗೊಂಬೊ ಬಳಿಯ ಕಟುನಾಯಕದಲ್ಲಿದೆ. ಮೊದಲ ರಾತ್ರಿ ನೆಗೊಂಬೊದಲ್ಲಿ ತಂಗಿ, ಮರುದಿನ ಕ್ಯಾಂಡಿಗೆ ಹೋಗಿ, ಅಲ್ಲಿಂದ ಬೆಟ್ಟದ ರೈಲಿನಲ್ಲಿ ಎಲ್ಲ ಎಂಬ ಊರಿಗೆ ಸಾಗಬೇಕು. ನಾನು ಹೋದ ದಿನ ಹ್ಯಾಟನ್, ‘ನಾನು ಓಯ’ ಎಂಬ ನಿಲ್ದಾಣಗಳನ್ನು ದಾಟುವವರೆಗೆ ಕಿಟಕಿಯ ಹೊರಗೆ ಮಂಜು ಮಳೆ ಬಿಟ್ಟರೆ ಏನೂ ಕಾಣಲಿಲ್ಲ. ನೀರಿಳಿಜಾರಿನ ನೆತ್ತಿ ದಾಟಿ ಊವ ಪ್ರಾಂತ್ಯಕ್ಕೆ ಇಳಿಯುತ್ತಿದ್ದಂತೆ ಮೋಡ ಹರಿದು ಚಹಾ ತೋಟಗಳ ಮೇಲೆ ಬಿಸಿಲು ಬಿತ್ತು. ಪಶ್ಚಿಮದಲ್ಲಿ ಮಳೆಯಾಗುವಾಗ ಊವ ಕಡೆ ಬೀಸುವ ಒಣ ಗಾಳಿಯೇ ಅಲ್ಲಿನ ಚಹಾಕ್ಕೆ ಆ ವಿಶಿಷ್ಟ ಪರಿಮಳ ಕೊಡುತ್ತದೆ. ಕಾಯ್ದಿರಿಸುವ ಸೀಟುಗಳು ಮೂವತ್ತು ದಿನ ಮೊದಲೇ ಮಾರಾಟಕ್ಕೆ ಬಂದು ಬೇಗ ಮುಗಿಯುತ್ತವೆ, ಆದರೆ ಎರಡನೆಯ ಮತ್ತು ಮೂರನೆಯ ದರ್ಜೆಯ ಕಾಯ್ದಿರಿಸದ ಡಬ್ಬಿಗಳ ಟಿಕೆಟ್ ಆ ದಿನವೇ ಸಿಗುತ್ತದೆ. ದಿತ್ವಾದಲ್ಲಿ ಪೆಟ್ಟು ತಿಂದದ್ದು ಈ ಮಾರ್ಗವೇ ಆದ್ದರಿಂದ ರೈಲು ಪೂರ್ತಿ ಓಡುತ್ತಿದೆಯೇ ಎಂದು ಹೊರಡುವ ಮುನ್ನ ಖಚಿತಪಡಿಸಿಕೊಳ್ಳಿ.

‘ಎಲ್ಲ’ ಎಂಬ ಆ ಊರಿನಿಂದ ಹೊರಟು ಮೊನರಾಗಲದಲ್ಲಿ ಬಸ್ಸು ಬದಲಿಸಿ ಪೊತ್ತುವಿಲ್, ಅದರ ಪಕ್ಕದ ಅರುಗಂ ಬೇ. ಅಲ್ಲಿಂದ ತೀರದುದ್ದಕ್ಕೂ ಉತ್ತರಕ್ಕೆ ಬಟ್ಟಿಕಲೋವಾ, ಟ್ರಿಂಕೋಮಲಿ. ಜುಲೈ ಈ ಊರುಗಳ ಸುಗ್ಗಿಯ ಕಾಲವಾದ್ದರಿಂದ ಬಾಡಿಗೆ ಅಷ್ಟೇನೂ ಅಗ್ಗವಲ್ಲ ಎಂಬುದನ್ನು ಮೊದಲೇ ತಿಳಿದಿರಿ. ಟ್ರಿಂಕೋಮಲಿಯಿಂದ ಒಳನಾಡಿಗೆ ತಿರುಗಿ ಹಬರಣ ತಲುಪಿದರೆ ಮಿನ್ನೇರಿಯ ಕೆರೆ ಹತ್ತಿರ. ಮೂರನೆಯ ಶತಮಾನದ ಮಹಾಸೇನ ದೊರೆ ಕಟ್ಟಿಸಿದ ಆ ಕೆರೆಯ ನೀರು ಒಣ ತಿಂಗಳುಗಳಲ್ಲಿ ಇಳಿದಾಗ ಚಿಗುರುವ ಹುಲ್ಲಿಗೆ ಆನೆಗಳು ನೂರರ ಲೆಕ್ಕದಲ್ಲಿ ಸೇರುತ್ತವೆ. ಬೇಸಿಗೆಯಲ್ಲಿ ಕಬಿನಿಯ ಹಿನ್ನೀರು ಇಳಿದಾಗ ನಾವು ನೋಡುವ ದೃಶ್ಯವೇ ಅದು, ಕಾಲ ಮಾತ್ರ ಬೇರೆ. ಸಿಗಿರಿಯವನ್ನು ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಹತ್ತಬೇಕು. ಇಂಥ ಕೆಲವು ತಾಣಗಳಲ್ಲಿ ಭಾರತವೂ ಸೇರಿದ ದಕ್ಷಿಣ ಏಷ್ಯಾದ ಸಾರ್ಕ್ ಒಕ್ಕೂಟದ ದೇಶದವರಿಗೆ ರಿಯಾಯಿತಿ ಇರುವುದರಿಂದ ಟಿಕೆಟ್ ಕೊಳ್ಳುವಾಗ ಪಾಸ್‌ಪೋರ್ಟ್ ತೋರಿಸಿ ಕೇಳಿ.

ಇದೆಲ್ಲವನ್ನೂ ಮೊದಲೇ ಬುಕ್ ಮಾಡಿಕೊಂಡು ಹೋಗಬಾರದು ಎಂಬುದು ನನ್ನ ಮುಖ್ಯ ಸಲಹೆ. ಒಬ್ಬರೇ ಇರುವವರಿಗೆ ಇರುವ ದೊಡ್ಡ ಅನುಕೂಲವೆಂದರೆ ಯಾರನ್ನೂ ಒಪ್ಪಿಸದೆ ದಾರಿ ಬದಲಿಸಬಹುದಾದದ್ದು. ಮೊದಲ ರಾತ್ರಿ ಮತ್ತು ಕೊನೆಯ ರಾತ್ರಿಯ ಕೋಣೆಗಳನ್ನಷ್ಟೇ ಗೊತ್ತುಮಾಡಿ, ಉಳಿದ ದಿನಗಳಲ್ಲಿ ಹವಾಮಾನ ಇಲಾಖೆಯ ಮುನ್ಸೂಚನೆ ನೋಡಿ ನಾಳೆಯ ಊರನ್ನು ಹಿಂದಿನ ಸಂಜೆ ನಿರ್ಧರಿಸಿ. ಕ್ಯಾಂಡಿಯ ಎಸಳ ಪೆರಹೆರ ಮಾತ್ರ ಇದಕ್ಕೆ ಅಪವಾದ. ಜುಲೈ–ಆಗಸ್ಟ್‌ನಲ್ಲಿ ಬರುವ ಆ ಉತ್ಸವದ ದಿನಗಳಲ್ಲಿ ಕೋಣೆ ಸಿಗುವುದು ದಸರೆಯ ವಾರದಲ್ಲಿ ಮೈಸೂರಿನಲ್ಲಿ ಸಿಕ್ಕಷ್ಟೇ ಕಷ್ಟ. ಪ್ರತಿ ಹುಣ್ಣಿಮೆಯೂ ಅಲ್ಲಿ ‘ಪೋಯ’ ಎಂಬ ಸಾರ್ವಜನಿಕ ರಜೆ. ಅಂದು ಬಸ್ಸುಗಳಲ್ಲಿ ಊರಿಗೆ ಹೋಗುವವರ ನೂಕುನುಗ್ಗಲಿರುತ್ತದೆ.

ಮಳೆ ಬೀಳುವ ನೈಋತ್ಯ ತೀರವನ್ನು ಪೂರ್ತಿ ಬಿಡಬೇಕಾಗಿಲ್ಲ. ಬಿಡುವಿನ ಕಾಲದ ನಿಜವಾದ ಅಗ್ಗದ ಕೋಣೆಗಳು ಇರುವುದು ಅಲ್ಲಿಯೇ. 1640ರಲ್ಲಿ ಡಚ್ಚರ ವಶವಾದ ಗಾಲೆಯ ಕೋಟೆಯೊಳಗೆ ಕಲ್ಲಿನ ಬೀದಿಗಳು, ಉದ್ದನೆಯ ಜಗಲಿಗಳು, ಕೋಟೆಗೋಡೆಯ ಮೇಲಿನ ನಡಿಗೆ ಇವೆಲ್ಲ ಮಳೆಯಲ್ಲೂ ಚೆನ್ನ. ಕೊಲಂಬೊದಿಂದ ಅಲ್ಲಿಗೆ ಹೋಗುವ ರೈಲು ಬಹುದೂರ ಕಡಲಿನ ಅಂಚಿನಲ್ಲೇ ಸಾಗುತ್ತದೆ. ನಾನು ಕೊನೆಯ ಎರಡು ದಿನಗಳನ್ನು ಅಲ್ಲಿ ಕಳೆದೆ. ಆದರೆ ಆ ತೀರದಲ್ಲಿ ನೀರಿಗೆ ಇಳಿಯಬಾರದು.

ಕಡಲು

ನಾಲೆಯಲ್ಲಿ ಈಜು ಕಲಿತ ನಮ್ಮವರಿಗೆ ಈ ಮಾತನ್ನು ಒತ್ತಿ ಹೇಳಬೇಕು. ವಿಶ್ವೇಶ್ವರಯ್ಯ ನಾಲೆಯಲ್ಲಿ ಸೆಳವು ಒಂದೇ ದಿಕ್ಕಿಗಿರುತ್ತದೆ, ದಡ ಎರಡೂ ಕಡೆ ಕಾಣುತ್ತಿರುತ್ತದೆ. ಅಲ್ಲಿಯೂ ಪ್ರಾಣ ಹೋಗುವುದುಂಟು, ಕಡಲಿನ ಲೆಕ್ಕವಂತೂ ಬೇರೆಯೇ. ಅಲೆಗಳು ದಡಕ್ಕೆ ತಂದ ನೀರು ಕಿರಿದಾದ ಓಣಿಯಂಥ ಜಾಗದಲ್ಲಿ ಒಟ್ಟಾಗಿ ಹಿಂದಕ್ಕೆ ಹರಿಯುತ್ತದೆ. ಎರಡೂ ಪಕ್ಕ ನೊರೆಯೆದ್ದು ಅಲೆ ಮುರಿಯುತ್ತಿರುವಾಗ ನಡುವೆ ಶಾಂತವಾಗಿ ಕಾಣುವ ಜಾಗವೇ ಆ ಸೆಳವು. ಹೊಸಬರು ಸುರಕ್ಷಿತವೆಂದು ಇಳಿಯುವುದೂ ಅಲ್ಲಿಗೇ. ಅದರಲ್ಲಿ ಸಿಕ್ಕವರು ನೇರವಾಗಿ ದಡದತ್ತ ಈಜಲು ಹೆಣಗಿದರೆ ದಣಿದು ಮುಳುಗುತ್ತಾರೆ. ತೇಲುತ್ತ ಉಸಿರು ಹಿಡಿತಕ್ಕೆ ತಂದುಕೊಂಡು, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಸೆಳವಿನಿಂದ ಹೊರಬಂದ ಮೇಲಷ್ಟೇ ದಡದ ಕಡೆ ತಿರುಗಬೇಕು. ಕೆಂಪು ಬಾವುಟ ಹಾರಿಸಿದ ಕಡೆ ಮೊಣಕಾಲುದ್ದದ ನೀರಿಗೂ ಹೋಗಬೇಡಿ. ಕಡಲಿಗಿಳಿಯುವ ಆಸೆಯನ್ನು ಟ್ರಿಂಕೋಮಲಿಯ ಕಡೆಗೆ ಉಳಿಸಿಕೊಳ್ಳಿ. ನಿಲಾವೇಲಿಯ ಎದುರಿನ ಪಿಜನ್ ದ್ವೀಪದ ಸುತ್ತ ಜುಲೈನಲ್ಲಿ ನೀರು ತಿಳಿಯಾಗಿರುತ್ತದೆ. ಅಲ್ಲಿಯೂ ಜೊತೆಗೆ ಜನರಿದ್ದಾಗ ಮಾತ್ರ ಇಳಿಯಿರಿ.

ಊಟ

ಸಸ್ಯಾಹಾರಿಗಳಿಗೆ ಶ್ರೀಲಂಕಾ ಸುಲಭವೆಂದು ಕೇಳಿಯೇ ನಾನು ಹೋಗಿದ್ದೆ. ಮೊದಲ ವಾರ ಒಂದು ಮನೆಯ ತಂಗುದಾಣದಲ್ಲಿ ಮೀನು ಬೇಡವೆಂದು ಹೇಳಿಯೇ ಕುಳಿತೆ; ಸಂಬಲ್ ಎಂಬ ತೆಂಗಿನಕಾಯಿಯ ಚಟ್ನಿ ಬಾಯಿಗಿಟ್ಟ ಮೇಲೆ ಅದರಲ್ಲಿ ಒಣಮೀನಿನ ಚೂರುಗಳಿರುವುದು ತಿಳಿಯಿತು. ಆ ಮನೆಯಾಕೆ ಸುಳ್ಳು ಹೇಳಿರಲಿಲ್ಲ. ‘ಉಂಬಲಕಡ’ ಎಂಬ ಆ ಮಾಲ್ಡೀವ್ಸ್ ಒಣಮೀನು ಅವರಿಗೆ ಮೀನಿನ ಅಡುಗೆಯಲ್ಲ, ನಮಗೆ ಇಂಗಿದ್ದಂತೆ ಒಗ್ಗರಣೆಯ ರುಚಿ. ತರಕಾರಿಯ ಪಲ್ಯಗಳಿಗೂ ಅದನ್ನು ಹಾಕುತ್ತಾರೆ. ಆದ್ದರಿಂದ ‘ಮಸ್ ಎಪಾ, ಮಾಲು ಎಪಾ’ (ಮಾಂಸ ಬೇಡ, ಮೀನು ಬೇಡ) ಎಂದಷ್ಟೇ ಹೇಳಿದರೆ ಸಾಲದು, ‘ಉಂಬಲಕಡ ಎಪಾ’ ಎಂದೂ ಸೇರಿಸಬೇಕು, ಅದೂ ಅಡುಗೆ ಶುರುವಾಗುವ ಮೊದಲು. ಆಕೆಯನ್ನು ‘ಅಕ್ಕಾ’ ಎಂದು ಕರೆಯಲು ಹೊಸದೇನೂ ಕಲಿಯಬೇಕಾಗಿಲ್ಲ. ಸಿಂಹಳದಲ್ಲೂ ಅಕ್ಕ ಎಂದರೆ ಅಕ್ಕನೇ. ತಮಿಳು ಮಾತನಾಡುವ ಊರುಗಳಲ್ಲಿ ‘ಸೈವ’ ಎಂದು ಬರೆದ ಹೋಟೆಲುಗಳನ್ನು ಹುಡುಕಿದರೆ ದೋಸೆ, ವಡೆ, ಅನ್ನ ಸಾರು ನಿಶ್ಚಿಂತೆಯಿಂದ ಸಿಗುತ್ತವೆ. ಒತ್ತುಶಾವಿಗೆಯಂಥ ಇಡಿಯಪ್ಪ ಎಲ್ಲೆಡೆ ಇದೆ. ರಾಗಿಯನ್ನು ಅಲ್ಲಿ ಕುರಕ್ಕನ್ ಎನ್ನುತ್ತಾರೆ. ಕುರಕ್ಕನ್ ತಲಪ ಎಂಬುದು ನಮ್ಮ ಮುದ್ದೆಯ ಹತ್ತಿರದ ಬಂಧು, ಕಂಡರೆ ಬಿಡಬೇಡಿ. ಬಿಡುವಿನ ಕಾಲದಲ್ಲಿ ತೀರದ ಎಷ್ಟೋ ಹೋಟೆಲುಗಳು ಮುಚ್ಚಿರುವುದರಿಂದ ಕೋಣೆ ಹಿಡಿಯುವಾಗಲೇ ಅಡುಗೆಮನೆ ನಡೆಯುತ್ತಿದೆಯೇ ಎಂದು ಕೇಳುವುದು ಒಳ್ಳೆಯದು.

ಕೋಣೆ, ಹಣ, ಆರೋಗ್ಯ

ಹೊರಗೆ ಜನರಿಲ್ಲದ ಕಾಲದಲ್ಲಿ ಕೋಣೆಯ ಬಾಡಿಗೆಯನ್ನು ಕೇಳಿ ಇಳಿಸಿಕೊಳ್ಳಬಹುದು, ಆದರೆ ನೋಡದೆ ಒಪ್ಪಬಾರದು. ಒಳಗೆ ಹೋಗಿ ಬಾಗಿಲು ಹಾಕಿ ಒಂದು ನಿಮಿಷ ನಿಲ್ಲಿ. ಮುಗ್ಗಲು ವಾಸನೆ ಬಂದರೆ ಹಾಸಿಗೆಯೂ ತೇವವಾಗಿರುತ್ತದೆ, ಮೇಲಿನ ಮಹಡಿಯ ಕೋಣೆ ಕೇಳಿ. ಸೊಳ್ಳೆಪರದೆಯಲ್ಲಿ ತೂತುಗಳಿವೆಯೇ, ಚಿಲಕ ಭದ್ರವಾಗಿದೆಯೇ ನೋಡಿ. ಇಡೀ ಕಟ್ಟಡದಲ್ಲಿ ನೀವೊಬ್ಬರೇ ಅತಿಥಿಯಾಗಿದ್ದರೆ, ಅದರಲ್ಲೂ ಹೆಣ್ಣುಮಕ್ಕಳು, ಸಂಸಾರ ವಾಸವಿರುವ ಮನೆಯನ್ನೇ ಆರಿಸಿಕೊಳ್ಳಬೇಕು. ಪ್ರತಿ ಸಂಜೆ ಊರಿನ ಹೆಸರು, ತಂಗಿದ ಮನೆಯ ದೂರವಾಣಿ, ಮರುದಿನದ ದಾರಿ ಇವಿಷ್ಟನ್ನು ಮೈಸೂರಿನ ಮನೆಗೆ ಕಳುಹಿಸುವುದನ್ನು ನಾನು ಒಂದು ದಿನವೂ ತಪ್ಪಿಸಲಿಲ್ಲ.

2024ರಲ್ಲಿ ನಮ್ಮ ಒಂದು ರೂಪಾಯಿಗೆ ಅಲ್ಲಿನ ಮೂರೂವರೆ ರೂಪಾಯಿಯ ಆಸುಪಾಸು ಸಿಗುತ್ತಿತ್ತು. ಅದೇ ವರ್ಷದ ಫೆಬ್ರುವರಿಯಿಂದ ಯುಪಿಐ ಕೂಡ ಅಲ್ಲಿ ನಡೆಯುತ್ತಿದೆ, ಆದರೆ ಬಸ್ಸಿನಲ್ಲಿ, ಹಳ್ಳಿಯಂಗಡಿಯಲ್ಲಿ ಚಿಲ್ಲರೆ ನೋಟುಗಳೇ ಬೇಕು. ಗಾಳಿಮಳೆಗೆ ಕರೆಂಟು ಹೋದರೆ ಎಟಿಎಂ ಕೂಡ ನಿಲ್ಲುವುದರಿಂದ ಎರಡು ದಿನಕ್ಕಾಗುವಷ್ಟು ನಗದು ಯಾವಾಗಲೂ ಇರಲಿ. ಬಸ್ಸಿನ ಮುಂದಿನ ಸೀಟುಗಳು ಬೌದ್ಧ ಭಿಕ್ಕುಗಳಿಗೆ ಮೀಸಲು, ಖಾಲಿಯಿದ್ದರೂ ಕೂರಬೇಡಿ.

ಶ್ರೀಲಂಕಾ ಮಲೇರಿಯಾಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಘೋಷಿಸಿತು. ಡೆಂಗಿ ಮಾತ್ರ ಮಳೆಯ ಜೊತೆ ಏರುತ್ತದೆ, ಕೊಲಂಬೊ ಸುತ್ತಮುತ್ತ ಹೆಚ್ಚು. ಡೆಂಗಿ ಸೊಳ್ಳೆ ಹಗಲಿನಲ್ಲಿ ಕಚ್ಚುವುದರಿಂದ ಬೆಳಿಗ್ಗೆಯಿಂದಲೇ ಮುಲಾಮು ಹಚ್ಚಿಕೊಳ್ಳಿ. ಜ್ವರ ಬಂದರೆ ಪ್ಯಾರಾಸಿಟಮಾಲ್ ಮಾತ್ರ ತೆಗೆದುಕೊಂಡು ರಕ್ತ ಪರೀಕ್ಷೆ ಮಾಡಿಸಬೇಕು. ಆಸ್ಪಿರಿನ್, ಐಬುಪ್ರೊಫೆನ್ ರಕ್ತಸ್ರಾವಕ್ಕೆ ದಾರಿಯಾಗಬಹುದು. ಗದ್ದೆಯ ಬದುವಿನಲ್ಲಿ ನಡೆಯುವಾಸೆ ನಮಗೆ ಸಹಜ, ಆದರೆ ಕಾಲಿನಲ್ಲಿ ಗಾಯವಿದ್ದಾಗ ಆ ನೀರಿಗಿಳಿದರೆ ಇಲಿಜ್ವರ ತಗಲಬಹುದು. ತುರ್ತು ಆಂಬುಲೆನ್ಸಿಗೆ 1990, ಪೊಲೀಸರಿಗೆ 119, ವಿಪತ್ತು ನಿರ್ವಹಣಾ ಕೇಂದ್ರಕ್ಕೆ 117. ಈ ಮೂರನ್ನೂ ಫೋನಿನಲ್ಲಲ್ಲದೆ ಕಾಗದದ ಮೇಲೂ ಬರೆದಿಟ್ಟುಕೊಳ್ಳಿ.

ಬೆಟ್ಟದ ಊರುಗಳಿಗೆ ಭೂಕುಸಿತದ ಎಚ್ಚರಿಕೆಯನ್ನು ರಾಷ್ಟ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಹಳದಿ, ಕಿತ್ತಳೆ, ಕೆಂಪು ಎಂಬ ಮೂರು ಹಂತಗಳಲ್ಲಿ ಕೊಡುತ್ತದೆ. ಹಳದಿ ಬಂದಾಗಲೇ ಇಳಿದು ಬಿಡುವುದು ನನ್ನ ನಿಯಮ; ಅಲ್ಲಿ ಮನೆಮಠ ಇಲ್ಲದ ನಮಗೆ ಕಾಯುವ ಕಾರಣವೇ ಇಲ್ಲ. ಶ್ರೀಪಾದ ಬೆಟ್ಟವನ್ನು ಈ ಕಾಲದಲ್ಲಿ ಒಬ್ಬರೇ ಹತ್ತಬೇಡಿ. ಡಿಸೆಂಬರ್ ಹುಣ್ಣಿಮೆಯಿಂದ ಮೇ ತಿಂಗಳ ವೆಸಾಕ್, ಅಂದರೆ ಬುದ್ಧ ಪೂರ್ಣಿಮೆಯವರೆಗಿನ ಯಾತ್ರೆಯ ಕಾಲ ಕಳೆದ ಮೇಲೆ ದಾರಿದೀಪಗಳಾಗಲಿ ಚಹಾದಂಗಡಿಗಳಾಗಲಿ ಇರುವುದಿಲ್ಲ, ಕಾಲು ಜಾರಿ ಬಿದ್ದರೆ ಕಾಣುವವರೂ ಇರುವುದಿಲ್ಲ.

ಮರಳುವ ಹಿಂದಿನ ರಾತ್ರಿ ಎಷ್ಟೇ ಒಳ್ಳೆಯ ಊರಿನಲ್ಲಿದ್ದರೂ ಬಿಟ್ಟು ನೆಗೊಂಬೊಗೆ ಬಂದು ಬಿಡಿ. ಮಳೆಗೆ ರೈಲು ತಡವಾಗುವುದು, ಮರ ಬಿದ್ದು ರಸ್ತೆ ಮುಚ್ಚುವುದು ಅಲ್ಲಿ ಸಾಮಾನ್ಯ. ವಿಮಾನದ ಟಿಕೆಟ್ ತೆಗೆಯುವಾಗಲೇ ಬೆಂಗಳೂರು ತಲುಪುವ ಹೊತ್ತಿಗೆ ಮೈಸೂರಿನ ಬಸ್ಸು ಇದೆಯೇ ಎಂದು ನೋಡಿಕೊಂಡರೆ, ಒದ್ದೆ ಚೀಲ ಹೊತ್ತು ನಡುರಾತ್ರಿ ನಿಲ್ದಾಣದಲ್ಲಿ ಬೆಳಗಾಗುವುದನ್ನು ಕಾಯಬೇಕಾಗುವುದಿಲ್ಲ.